ಮೂಸೆಗೆ ಶೀತವಾದೀತು

ಹೆಂಡತಿಯ ಎದುರು ದೇವರಾಜು ಒಂದು ಮಾತು ಹೆಚ್ಚಿಗೆ ಆಡಿದ್ದೇ ಇಷ್ಟಕ್ಕೆಲ್ಲ ಕಾರಣ.

ಹಾರೋಹಳ್ಳಿಯ ಒಂದು ಸೆರಾಮಿಕ್ ಕಾರ್ಖಾನೆಯಲ್ಲಿ ಅವನಿಗೆ ಕೆಲಸ. ವಾರವೆಲ್ಲ ಅಲ್ಲೇ ಒಂದು ರೂಮಿನಲ್ಲಿದ್ದು ಶನಿವಾರ ಬಸ್ಸು ಹಿಡಿದು ಕುದೂರಿನ ಮನೆಗೆ ಬರುತ್ತಿದ್ದ. ಹುಬ್ಬು, ಕಿವಿ, ಅಂಗಿಯ ಜೇಬು ಎಲ್ಲೆಂದರಲ್ಲಿ ಬಿಳಿ ಪುಡಿ ಕೂತು, ಹಿಟ್ಟಿನ ಗಿರಣಿಯಲ್ಲಿ ಕಾಲು ಜಾರಿ ಬಿದ್ದವನಂತೆ ಕಾಣುತ್ತಿದ್ದ. ಹೆಂಡತಿ ಸುಮನಾಳಿಗೆ ಇದೇ ಕೊರಗು. ಅವಳ ಅಕ್ಕನ ಗಂಡ ಒಂದು ಬಿಸ್ಕತ್ ಕಾರ್ಖಾನೆಯಲ್ಲಿದ್ದ. ಬಂದಾಗಲೆಲ್ಲ ಮುರುಕು ಬಿಸ್ಕತ್ತಿನ ದೊಡ್ಡ ಚೀಲವನ್ನೇ ತರುತ್ತಿದ್ದ.

"ಭಾವ ಬಿಸ್ಕತ್ ತತ್ತಾರೆ, ನೀವು ಧೂಳು ತತ್ತೀರ," ಎಂದು ಸುಮನಾ ವಾರವಾರವೂ ಅಂಗಿ ಕೊಡವುತ್ತ ಹೇಳುವಳು.

ಈ ಮಾತು ಕೇಳಿ ಕೇಳಿ ಸಾಕಾಗಿ ದೇವರಾಜು ಸೂಪರ್‌ವೈಸರ್ ನಾಗರಾಜುವನ್ನು ಗೋಗರೆದ. ರಿಜೆಕ್ಟ್ ಆದ ಮಾಲು ಇಡುವ ಶೆಲ್ಫಿನಿಂದ ಏನಾದರೊಂದು ತೆಗೆದುಕೊಂಡು ಹೋಗು ಎಂದು ನಾಗರಾಜು ಕೈ ತೋರಿಸಿದ. ಹಾಗೆ ಮನೆಗೆ ಬಂದದ್ದು ಈ ಪಾತ್ರೆ. ಹಾಲಿನಷ್ಟು ಬೆಳ್ಳಗೆ, ತೆಂಗಿನಕಾಯಿಯ ಗಾತ್ರ, ಎತ್ತಿದರೆ ಕಾಣುವುದಕ್ಕಿಂತ ಎರಡರಷ್ಟು ಭಾರ.

"ಇದು ಮೂಸೆ ಕಣೆ," ಎಂದ ದೇವರಾಜು. "ಅಕ್ಕಸಾಲಿಗರು ಚಿನ್ನ ಕರಗ್ಸಕ್ಕೆ ಇಟ್ಕೋತಾರಲ್ಲ, ಅದರ ದೊಡ್ಡಣ್ಣ. ಇದರೊಳಗೆ ಚಿನ್ನ ಕರಗ್ತದೆ, ತಾಮ್ರ ಕರಗ್ತದೆ, ಕಬ್ಬಿಣ ಕರಗಿ ಪಾಯಸ ಆಯ್ತದೆ. ಇದು ಮಾತ್ರ ಜಪ್ಪಯ್ಯ ಅನ್ನಲ್ಲ. ಸಾವಿರದ ಆರ್ನೂರು ಡಿಗ್ರಿ!"

"ಪಿಂಗಾಣಿನಾ?"

"ಪಿಂಗಾಣಿ ಇದರ ಮುಂದೆ ಹಪ್ಪಳ. ಇದು ಅಲ್ಯೂಮಿನಾ. ಆಕ್ಸೈಡು."

"ಹಂಗಂದ್ರೆ?"

ಇಲ್ಲಿಗೆ ಬಾಯಿ ಮುಚ್ಚಿಕೊಂಡು ಊಟಕ್ಕೆ ಕೂರಬಹುದಿತ್ತು. ಆದರೆ ಹೆಂಡತಿ ತನ್ನನ್ನು ಒಂದು ಪ್ರಶ್ನೆ ಕೇಳಿ ಎಷ್ಟೋ ಕಾಲವಾಗಿತ್ತು. ದೇವರಾಜು ಉಬ್ಬಿದ. "ಕಬ್ಬಿಣ ಗಾಳಿ ಕುಡುದ್ರೆ ತುಕ್ಕಾಯ್ತದಲ್ಲ? ಹಂಗೆ ಅಲ್ಯೂಮಿನಿಯಂ ಗಾಳಿ ಕುಡುದ್ರೆ ಇದಾಯ್ತದೆ."

ಸುಮನಾ ಮೂಸೆಯನ್ನು ಮೆಲ್ಲಗೆ ಕೆಳಗಿಟ್ಟಳು. "ಅಂದ್ರೆ ತುಕ್ಕು. ಇಷ್ಟು ದಿನ ಧೂಳು ತತ್ತಿದ್ರಿ, ಈಗ ತುಕ್ಕು ತಂದಿದ್ದೀರ."

ದೇವರಾಜುವಿಗೆ ಮೈಯೆಲ್ಲ ಉರಿದುಹೋಯಿತು. "ತುಕ್ಕಾ? ಯಾವ ಬೆಂಕಿಗಾದ್ರೂ ಹಾಕು! ಯಾರು ಬೇಕಾದ್ರೂ ತಗೊಂಡೋಗಿ ಏನು ಬೇಕಾದ್ರೂ ಮಾಡ್ಲಿ! ಇದಕ್ಕೆ ಒಂದು ಗೀರು ಬಿದ್ರೆ ನನ್ನೆಸರು ದೇವರಾಜು ಅಲ್ಲ!" ಎಂದು ಕೂಗಿದ.

ಅವರ ಮನೆಗೂ ಪಕ್ಕದ ರಾಧಾಮಣಿಯ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಈ ಕಡೆ ಒಗ್ಗರಣೆ ಹಾಕಿದರೆ ಆ ಕಡೆ ಸೀನುವಷ್ಟು ತೆಳುವಾದ ಗೋಡೆ.

ಭಾನುವಾರ ಬೆಳಿಗ್ಗೆ ದೇವರಾಜು ತಲೆಗೆ ಎಣ್ಣೆ ಒತ್ತಿಕೊಂಡು ಹಾಯಾಗಿ ನೀರು ಹುಯ್ದುಕೊಂಡು, ಬನಿಯನ್, ಪಂಚೆಯಲ್ಲಿ ಹೊರಗೆ ಬರುವಷ್ಟರಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು. ನಾಗರಾಜು.

"ಲೇ ದೇವ್ರಾಜ, ನಿನ್ನೆ ಯಾವ ಶೆಲ್ಫಿಂದ ಎತ್ಕೊಂಡ್ಯಲಾ ಮೂಸೆನ?"

"ನೀವೇ ಕೈ ತೋರಿಸಿದ್ರಲ್ಲ ಸಾರ್. ಎಡಗಡೆದು ಅಂತ."

"ನನ್ನ ಎಡಗಡೆ ಕಣ್ಲಾ! ನೀನು ನನ್ನ ಎದುರುಗಡೆ ನಿಂತಿದ್ದೆ!"

ದೇವರಾಜು ಅಲ್ಲೇ ನಿಂತು ಎರಡೂ ಕೈ ಚಾಚಿ ನೋಡಿಕೊಂಡ. ನಾಗರಾಜು ಹೇಳಿದ್ದು ನಿಜ.

"ಅದು ಟೆಸ್ಟಿಂಗ್‌ಗೆ ಅಂತ ಇಟ್ಟಿದ್ದ ಪೀಸು," ನಾಗರಾಜು ಹಲ್ಲು ಕಡಿಯುವುದು ಫೋನಿನಲ್ಲೇ ಕೇಳುತ್ತಿತ್ತು. "ಅಮೂಲ್ಯ ಮೇಡಂ ಇವತ್ತು ಸಂಜೆ ಅದಕ್ಕೋಸ್ಕರವೇ ಲ್ಯಾಬಿಗೆ ಬತ್ತಾವ್ರೆ. ಕೂದಲೆಳೆಯಷ್ಟು ಬಿರುಕಿದ್ರೂ ಮುಟ್ಟಲ್ಲ ಅವರು. ನಿನ್ನ ಪರ್ಮನೆಂಟ್ ಮಾಡ್ಬೇಕೋ ಬ್ಯಾಡ್ವೋ ಅಂತ ಹೇಳೋರೂ ಅವರೇ. ಈಗಿಂದೀಗ್ಲೇ ಹೊರಡು."

ದೇವರಾಜು ಅಡಿಗೆಮನೆಗೆ ನುಗ್ಗಿದ. ಮೂಸೆ ಇರಲಿಲ್ಲ.

"ರಾಧಾಮಣಕ್ಕ ಇಸ್ಕೊಂಡೋದ್ರು," ಎಂದಳು ಸುಮನಾ ಸೊಪ್ಪು ಬಿಡಿಸುತ್ತ. "ನೀವೇ ಅಂದ್ರಲ್ಲ, ಯಾರು ಬೇಕಾದ್ರೂ ಅಂತ."

ರಾಧಾಮಣಿ ತನ್ನ ಮನೆಯ ಜಗುಲಿಯ ಮೇಲೆ ಕೂತಿದ್ದಳು. ತೋರುಬೆರಳಿಗೆ ಅರಿಸಿನ ಮೆತ್ತಿ ಬಟ್ಟೆ ಸುತ್ತಿತ್ತು. ಮುಖದಲ್ಲಿ ಮಾತ್ರ ಮದುವೆಮನೆಯ ಕಳೆ.

"ನಿನ್ನ ಪಾತ್ರೆ ಬಲೇ ಚೆನ್ನಾಗೈತೆ ಕಣಪ್ಪ ದೇವ್ರಾಜ! ಅದರ ತಳಕ್ಕೆ ಒಸಿ ಉಜ್ಜಿದ್ದಷ್ಟೇಯ. ನಮ್ಮ ಈಳಿಗೆ ಸೌತೆಕಾಯಿನೂ ಕುಯ್ತಿರ್ಲಿಲ್ಲ, ಈಗ ಬೆರಳ್ನೂ ಬುಡಲ್ಲ ಅಂತದೆ."

"ಈಳಿಗೆ ಉಜ್ಜುದ್ರಾ?" ದೇವರಾಜುವಿನ ದನಿ ಕೀರಲಾಯಿತು.

"ನಾನೊಬ್ಳೇನಾ? ಬೀದಿಯೋರೆಲ್ಲ ಬಂದ್ರು. ಚಾಕು, ಕುಡ್ಲು, ಮಚ್ಚು, ಯಾರದ್ದೋ ಕತ್ತರಿ. ಯಾಕಿಂಗೆ ಬೆವರ್ತೀಯ? ಅದಕ್ಕೇನೂ ಆಗಿಲ್ಲ. ಕಬ್ಬಿಣವೇ ಸವೆದು ಅದರ ಮೇಲೆ ಕಪ್ಪು ಗೆರೆ ಕೂತಿತ್ತು. ಹುಣಿಸೆಹಣ್ಣು ಹಾಕಿ ತಿಕ್ದೆ, ಹೊಂಟೋಯ್ತು."

ದೇವರಾಜುವಿಗೆ ಹೋದ ಜೀವ ಬಂದಂತಾಯಿತು. ವಜ್ರದಂಥ ಒಂದೆರಡು ಬಿಟ್ಟರೆ ಅಲ್ಯೂಮಿನಾದ ಮೇಲೆ ಗೀರೆಳೆಯುವ ವಸ್ತು ಸುಲಭಕ್ಕೆ ಸಿಗುವುದಿಲ್ಲ ಎಂದು ಕಾರ್ಖಾನೆಗೆ ಸೇರಿದ ಹೊಸದರಲ್ಲಿ ಹೇಳಿಕೊಟ್ಟಿದ್ದರು. ಕುದೂರಿನ ಮಚ್ಚುಗಳು ಅದನ್ನು ಪಕ್ಕಾ ಮಾಡಿದ್ದವು.

"ಸದ್ಯ! ಎಲ್ಲೈತೆ, ಕೊಡಿ ಅಕ್ಕ."

"ಬೋರಲಿಂಗಣ್ಣ ಎತ್ಕೊಂಡೋದ್ನಲ್ಲ. ಬೆಂಕಿಗೆ ಹಾಕಿ ನೋಡ್ತೀನಿ ಅಂದ."

ಬೋರಲಿಂಗಯ್ಯನದು ಬಸ್ ಸ್ಟ್ಯಾಂಡಿನ ಹತ್ತಿರ ಹೋಟೆಲು. ಆ ಹೋಟೆಲಿನ ಒಲೆ ಸಾಮಾನ್ಯದ್ದಲ್ಲ. ಇದ್ದಿಲು ತುಂಬಿ ಮೋಟಾರಿನಿಂದ ಗಾಳಿ ಊದಿಸುವ ಒಲೆ. ಎರಡು ಬಾಣಲೆ ತಳ ತೂತು ಮಾಡಿ, ಬೋರಲಿಂಗಯ್ಯನ ಹುಬ್ಬನ್ನು ಎಂದೋ ಸುಟ್ಟುಹಾಕಿತ್ತು. ಹುಬ್ಬಿಲ್ಲದ ಮುಖದಲ್ಲಿ ಅವನು ಯಾವಾಗಲೂ ಆಗ ತಾನೇ ಆಶ್ಚರ್ಯಪಟ್ಟವನಂತೆ ಕಾಣುವನು.

ದೇವರಾಜು ಅದೇ ಬನಿಯನ್ನಿನಲ್ಲೇ ಓಡಿದ. ಹೋಟೆಲಿನ ಮುಂದೆ ಜನವೋ ಜನ. ಎಲ್ಲರ ಕೈಯಲ್ಲೂ ನಿನ್ನೆಯ ಬೋಂಡ. ಸಂದಿಯಲ್ಲಿ ತೂರಿಕೊಂಡು ಒಳಗೆ ಹೋದರೆ, ಒಲೆಯ ನಡುವೆ ಮೂಸೆ ಕೂತಿತ್ತು. ಬಿಳಿ ಬಣ್ಣದ ಸುಳಿವೂ ಇಲ್ಲ. ಮುಳುಗುವ ಸೂರ್ಯನನ್ನು ಯಾರೋ ಕಿತ್ತು ತಂದು ಕೆಂಡದ ಮೇಲೆ ಕೂರಿಸಿದಂತಿತ್ತು. ಪುಣ್ಯಕ್ಕೆ ಒಲೆ ಹಚ್ಚುವ ಮೊದಲೇ ಇಟ್ಟಿದ್ದರಿಂದ ಬೆಂಕಿಯ ಜೊತೆಜೊತೆಗೇ ಮೆಲ್ಲಗೆ ಕಾದಿತ್ತು.

"ಬಾ ಬಾ ದೇವ್ರಾಜ!" ಬೋರಲಿಂಗಯ್ಯ ಬಾಯಿತುಂಬ ನಕ್ಕ. "ಒಪ್ಕೊಂಡೆ ಕಣ್ಲಾ. ಬೆಂಕಿಗೆ ಜಗ್ಗದ ಮಾಲು. ನನ್ನ ಬಾಣಲೆಗಳಿಗೆ ಒಸಿ ಬುದ್ಧಿ ಹೇಳು. ಈಗ ಆರಿಸಿ ಒಂದು ಕಿತ ನೋಡನ, ಅತ್ಲಾಗೆ ಸರ್ಕೊಳಿ ಎಲ್ಲ!"

ಹೇಳುತ್ತಲೇ ಅವನು ತೊಟ್ಟಿಯಿಂದ ಒಂದು ಬಕೀಟು ತಣ್ಣೀರು ಎತ್ತಿ, ಒಲೆಗೆ ಎರಚಲೆಂದು ಕೈ ಹಿಂದಕ್ಕೆ ಎಳೆದ.

"ಅಣ್ಣೋ! ನೀರು ಬ್ಯಾಡ!"

ಕೂಗಿದರೆ ಸಾಲದು ಎಂದು ಗೊತ್ತಾಗಿ ದೇವರಾಜು ಒಲೆಗೂ ಬಕೀಟಿಗೂ ನಡುವೆ ಹಾರಿದ. ಅಷ್ಟೂ ನೀರು ಅವನ ಎದೆಗೇ ಬಿತ್ತು. ಒಂದೇ ಒಂದು ಹನಿ ಅವನ ಮೊಣಕೈಯಿಂದ ಕೆಂಡಕ್ಕೆ ಬಿದ್ದು ಚುಂಯ್ ಎಂದಿತು. ಆ ಸದ್ದಿಗೆ ಅವನ ಎದೆಯೂ ಚುಂಯ್ ಎಂದಿತು.

"ಏನ್ಲಾ ಇದು? ಕಬ್ಬಿಣ ಕರಗಿಸ್ತದೆ ಅಂತೀಯ, ನೀರಿಗೆ ಹೆದರ್ತೀಯ?" ಬೋರಲಿಂಗಯ್ಯನ ಆಶ್ಚರ್ಯದ ಮುಖಕ್ಕೆ ಈಗ ನಿಜವಾದ ಆಶ್ಚರ್ಯವೂ ಸೇರಿತು.

"ಬೆಂಕಿ ಏನೂ ಮಾಡಲ್ಲ ಅಣ್ಣ. ದಿಢೀರ್ ತಂಪು ಆಗ್ಬಾರದು," ದೇವರಾಜು ಒದ್ದೆ ಬನಿಯನ್ ಹಿಂಡಿಕೊಳ್ಳುತ್ತ ಹೇಳಿದ. "ತಣ್ಣೀರು ಬಿದ್ರೆ ಮೇಲ್ಗಡೆ ಚರ್ಮ ಸಟಕ್ಕನೆ ಕುಗ್ತದೆ, ಒಳಗಡೆ ಇನ್ನೂ ಕಾದು ಹಿಗ್ಗೇ ಇರ್ತದೆ. ಇಬ್ಬರ ಎಳೆದಾಟದಲ್ಲಿ ಟಪ್ಪಂತ ಸೀಳೋಯ್ತದೆ. ಗಾಳಿನೂ ಜೋರಾಗಿ ಬೀಸ್ಬಾರದು. ತಾನಾಗೇ ಮೆಲ್ಲಗೆ ಆರ್ಬೇಕು. ಒಡೆದ್ರೆ ನನ್ನ ಕೆಲಸ ಹೋಯ್ತದೆ!"

"ಅಂದ್ರೆ ಇದಕ್ಕೆ ಶೀತ ಆಯ್ತದೆ ಅನ್ನು," ಎಂದಿತು ಹಿಂದಿನಿಂದ ಒಂದು ಗಟ್ಟಿ ದನಿ.

ದೇವರಾಜುವಿನ ತಾಯಿ ದೊಡ್ಡಲಕ್ಷ್ಮಮ್ಮ. ಸೊಸೆಯನ್ನೂ ರಾಧಾಮಣಿಯನ್ನೂ ಬೆನ್ನಿಗೆ ಹಾಕಿಕೊಂಡು ಬಂದಿದ್ದಳು. ಕುದೂರಿನ ಅರ್ಧ ಜನಕ್ಕೆ ಎಣ್ಣೆ ಹಚ್ಚಿ, ಎರೆದು, ಕಿವಿಗೆ ಹತ್ತಿ ಇಟ್ಟು ಬಾಣಂತನ ಮಾಡಿದ ಕೈ ಅವಳದು. ಮಗನನ್ನು ಪಕ್ಕಕ್ಕೆ ಸರಿಸಿ ಒಲೆಯೊಳಗೆ ಇಣುಕಿ ನೋಡಿದಳು.

"ಮೈ ಕಾದೈತೆ, ತಂಪು ತಾಕ್ಬಾರದು, ಗಾಳಿ ಸೋಕ್ಬಾರದು. ಇದೇನು ಹೊಸದಾ? ಹಸಿ ಬಾಣಂತಿ ಇದ್ದಂಗೆ. ಲೇ ಬೋರ, ಮೋಟಾರು ನಿಲ್ಸು. ಕೆಂಡ ಈಚೆಗೆ ಎಳೀಬ್ಯಾಡ, ಅದರ ಕಾವಿನಲ್ಲೇ ಇರ್ಲಿ. ಆ ಫ್ಯಾನ್ ಯಾಕೆ ತಿರುಗ್ತಾ ಐತೆ? ಆರ್ಸು! ಕಿಟಕಿ ಹಾಕು! ಶೆಟರ್ ಎಳಿ!"

"ಶೆಟರ್ ಎಳುದ್ರೆ ವ್ಯಾಪಾರ ಯಾರು ಮಾಡ್ತಾರೆ ದೊಡ್ಡವ್ವ?"

"ನೀನು ಹುಟ್ದಾಗ ನಿಮ್ಮಪ್ಪ ಇದೇ ಮಾತಂದಿದ್ರೆ ನೀನಿವತ್ತು ಇಲ್ಲಿ ಬೋಂಡ ಸುಡ್ತಿರ್ಲಿಲ್ಲ."

ಶೆಟರು ಇಳಿಯಿತು. ಒಳಗೆ ಸಿಕ್ಕಿಕೊಂಡ ಗಿರಾಕಿಗಳು ಒಲೆಯ ಕಾವಿಗೆ ಇಡ್ಲಿಯಂತೆ ಬೇಯತೊಡಗಿದರು. ಆದರೂ ಒಬ್ಬನೂ ಕದಲಲಿಲ್ಲ. ಮುಂದೇನಾಗುತ್ತದೋ ನೋಡದೆ ಹೋದರೆ ಜೀವನಪೂರ್ತಿ ಕೊರಗಬೇಕಲ್ಲ. ಬೈರಪ್ಪ ಎಂಬ ದಪ್ಪ ಮನುಷ್ಯ ಸೆಕೆ ತಾಳದೆ ಟವಲ್ಲಿನಿಂದ ಬೀಸಿಕೊಳ್ಳಲು ಹೋಗಿ ಹತ್ತು ಜನರ ಕೈಲಿ ಉಗಿಸಿಕೊಂಡ. ಆಮೇಲೆ ಅವನಿಗೆ ಸೀನು ಬಂತು. ಇಬ್ಬರು ಅವನ ಮೂಗನ್ನೇ ಹಿಡಿದುಕೊಂಡರು.

ದೊಡ್ಡಲಕ್ಷ್ಮಮ್ಮ ಬಿಸಿಬೂದಿ ತೆಗೆದು ಮೂಸೆಯ ಮೇಲೆ ಮುಚ್ಚಲು ಹೋದಾಗ ದೇವರಾಜು ಮತ್ತೆ ಅಡ್ಡ ಬಂದ.

"ಒಸಿ ತಡಿ ಅವ್ವ. ಬೂದಿಯಲ್ಲಿ ಕ್ಷಾರ ಇರ್ತದೆ. ಕಾವು ವಿಪರೀತ ಇದ್ದಾಗ ಇದಕ್ಕೂ ಕ್ಷಾರಕ್ಕೂ ಆಗ್ಬರಲ್ಲ. ಕಬ್ಬಿಣದ ಜೊತೆ ಹೊಂದ್ಕೋತದೆ, ತಾಮ್ರದ ಜೊತೆ ಹೊಂದ್ಕೋತದೆ, ಕ್ಷಾರ ಮಾತ್ರ ಕಚ್ಚಿ ತಿಂದ್ಬುಡ್ತದೆ. ಕೆಂಪು ಇಳೀಲಿ, ಆಮೇಲೆ ಮುಚ್ಚು."

"ತಣ್ಣಗಿದ್ದಾಗ?"

"ತಣ್ಣಗಿದ್ದಾಗ ಇಬ್ಬರೂ ಸುಮ್ನಿರ್ತಾರೆ."

ದೊಡ್ಡಲಕ್ಷ್ಮಮ್ಮ ಸೊಸೆಯ ಕಡೆ ನೋಡಿದಳು. ಸುಮನಾ ಅತ್ತೆಯ ಕಡೆ ನೋಡಿದಳು. "ನಾವೂ ಹಂಗೇ ಅಲ್ವೇನಮ್ಮಿ?" ಎಂದಳು ಅತ್ತೆ. ಸುಮನಾಳಿಗೆ ನಗು ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಂಡಳು. ಹೋಟೆಲಿಗೆ ಹೋಟೆಲೇ ನಕ್ಕಿತು. ಬೈರಪ್ಪನ ಮೂಗು ಹಿಡಿದವರು ಮಾತ್ರ ಕೈ ಬಿಡಲಿಲ್ಲ.

ಅಷ್ಟರಲ್ಲಿ ಹೊರಗೆ ಬಸ್ಸೊಂದು ನಿಂತಿತು. ಟೀ ಕುಡಿಯಲು ಇಳಿದವರು ಶೆಟರು ಬಡಿದರು.

"ಬಾಗಿಲು ತೆಗಿಯಂಗಿಲ್ಲ!" ರಾಧಾಮಣಿ ಸಂದಿಯಿಂದ ಕೂಗಿದಳು. "ಒಳಗೆ ಹಸಿ ಬಾಣಂತಿ ಐತೆ. ಗಾಳಿ ಸೋಕ್ಬಾರದು."

ಹೊರಗಿನವರು ಶೆಟರಿಗೆ ಕಿವಿ ಹಚ್ಚಿದರು. "ಹೋಟ್ಲೊಳಗೇ ಆಗೋಯ್ತಾ? ಗಂಡೋ ಹೆಣ್ಣೋ?" ಎಂದು ಒಬ್ಬ ಹೆಂಗಸು ಕೇಳಿದಳು. ಬಸ್ಸು ಸುದ್ದಿಯನ್ನು ಹೊತ್ತುಕೊಂಡು ಮಾಗಡಿಯ ಕಡೆ ಹೋಯಿತು. ಸುದ್ದಿಯ ಇನ್ನೊಂದು ತುಂಡು ಊರೊಳಗೂ ಓಡಿತು. ಸ್ವಲ್ಪ ಹೊತ್ತಿಗೆ ಆಶಾ ಕಾರ್ಯಕರ್ತೆ ಚಿಕ್ಕಲಕ್ಷ್ಮಮ್ಮ ಬ್ಯಾಗು ನೇತುಹಾಕಿಕೊಂಡು ಏದುಸಿರು ಬಿಡುತ್ತ ಬಂದು ಶೆಟರು ಎತ್ತಿಸಿದಳು.

"ಯಾರಿಗಾಯ್ತು ಹೆರಿಗೆ? ಆಸ್ಪತ್ರೆಗೆ ಯಾಕೆ ಕರ್ಕೊಂಡೋಗಿಲ್ಲ? ತಾಯಿ ಕಾರ್ಡ್ ಎಲ್ಲಿ? ಮಗು ತೂಕ ಎಷ್ಟು?"

ಬೋರಲಿಂಗಯ್ಯ ಒಲೆಯ ಕಡೆ ಬೆರಳು ತೋರಿಸಿದ. ಚಿಕ್ಕಲಕ್ಷ್ಮಮ್ಮ ಒಲೆ ನೋಡಿದಳು, ಬೆವರಿನಲ್ಲಿ ತೊಯ್ದ ಜನವನ್ನು ನೋಡಿದಳು, ಮೂಗು ಹಿಡಿಸಿಕೊಂಡು ಕಣ್ಣು ಬಿಡುತ್ತಿದ್ದ ಬೈರಪ್ಪನನ್ನು ನೋಡಿದಳು. ಆಮೇಲೆ ಹೋಗಿ ಬೆಂಚಿನ ಮೇಲೆ ಕೂತು ಟೀ ಕೇಳಿದಳು. ಟೀ ಸಿಗಲಿಲ್ಲ. ಒಲೆ ಬಾಣಂತಿಯ ವಶದಲ್ಲಿತ್ತು.

ಮಧ್ಯಾಹ್ನದ ಹೊತ್ತಿಗೆ ಬೂದಿ ಬೆಚ್ಚಗಾಗಿ, ಕೈ ಇಡುವಂತಾಯಿತು. ದೊಡ್ಡಲಕ್ಷ್ಮಮ್ಮ ಎರಡೂ ಕೈಯಲ್ಲಿ ಮೂಸೆಯನ್ನು ಎತ್ತಿ ಬಟ್ಟೆಯಿಂದ ಒರೆಸಿದಳು. ಹಾಲಿನ ಬಣ್ಣ ಹಾಗೇ ಇತ್ತು. ದೇವರಾಜು ಉಸಿರು ಹಿಡಿದು ಚಮಚೆಯಿಂದ ಅದರ ಅಂಚಿಗೆ ಮೆಲ್ಲಗೆ ತಟ್ಟಿದ. ಒಳಗೆಲ್ಲಾದರೂ ಬಿರುಕಿದ್ದರೆ ಒಡಕು ಮಡಕೆಯ ಸದ್ದು ಬರಬೇಕು.

"ಠಣ್ಣ್ಣ್" ಎಂದಿತು ಮೂಸೆ, ದೇವಸ್ಥಾನದ ಗಂಟೆಯ ಹಾಗೆ.

ಹೋಟೆಲೆಲ್ಲ ಹೋ ಎಂದು ಚಪ್ಪಾಳೆ ಹೊಡೆಯಿತು. ಕೊನೆಗೂ ಮೂಗು ಬಿಡಿಸಿಕೊಂಡ ಬೈರಪ್ಪ ಇಷ್ಟು ಹೊತ್ತು ಕೂಡಿಟ್ಟಿದ್ದ ಸೀನನ್ನು ಒಂದೇ ಸಲಕ್ಕೆ ಸೀನಿದ. ಬೋರಲಿಂಗಯ್ಯ ಮೋಟಾರು ಹಾಕಿ ಎಲ್ಲರಿಗೂ ತನ್ನ ಲೆಕ್ಕದಲ್ಲಿ ಟೀ ಕಾಯಿಸಿದ. ಸುಮನಾ ಗಂಡನ ಒದ್ದೆ ತೋಳು ಹಿಡಿದು, "ತುಕ್ಕು ಅಂದಿದ್ದು ತಪ್ಪಾಯ್ತು ಕಣ್ರೀ," ಎಂದಳು. ಮದುವೆಯಾದಾಗಿನಿಂದ ಅವಳು ತಪ್ಪಾಯ್ತು ಎಂದದ್ದು ಇದೇ ಮೊದಲು. ಅವನಿಗೆ ಆ ಬಕೀಟು ನೀರು ಸಾರ್ಥಕ ಅನ್ನಿಸಿತು.

ಬಟ್ಟೆ ಬದಲಿಸಲೂ ಹೊತ್ತಿರಲಿಲ್ಲ. ಸುಮನಾ ಮನೆಯಿಂದ ತಂದ ಅಂಗಿಯನ್ನು ಬೆವರಿಗೆ ಇನ್ನೂ ಆರದ ಒದ್ದೆ ಬನಿಯನ್ನಿನ ಮೇಲೇ ಹಾಕಿಕೊಂಡ. ಮೂಸೆಯನ್ನು ತಾಯಿ ಕಂಬಳಿಯಲ್ಲಿ ಸುತ್ತಿ, ಮೂಲೆ ಮಡಿಸಿ, ಕೈಗೆ ಕೊಟ್ಟಳು. ದೇವರಾಜು ಬಸ್ಸು ಹತ್ತಿದ. ಕಂಬಳಿಯ ಗಂಟನ್ನು ಎದೆಗವಚಿಕೊಂಡು ನಿಂತವನನ್ನು ನೋಡಿ ಹೆಂಗಸೊಬ್ಬಳು, "ಪಾಪ, ಕೂಸು ಎತ್ಕೊಂಡವ್ನೆ," ಎಂದು ಎದ್ದು ಸೀಟು ಬಿಟ್ಟಳು. ಅವನು ಕೂತ. ಕೂಸು ಅಳುವುದೇ ಇಲ್ಲವಲ್ಲ, ಬಲು ಸಾಧು ಎಂದು ಮಾಗಡಿಯವರೆಗೂ ಅವಳು ಹೊಗಳಿದಳು. ಮಾಗಡಿಯಲ್ಲಿ ಒಂದು ಬಸ್ಸು, ಬಿಡದಿಯಲ್ಲಿ ಇನ್ನೊಂದು. ಹಳ್ಳ ಬಂದಾಗಲೆಲ್ಲ ಸೀಟಿನಿಂದ ಅರ್ಧ ಎದ್ದು ಮೂಸೆಯನ್ನು ಗಾಳಿಯಲ್ಲಿ ಹಿಡಿದುಕೊಂಡ. ಒದ್ದೆ ಬನಿಯನ್ನು ಎದೆಗೆ ಅಂಟಿ, ಕಿಟಕಿಯ ಗಾಳಿ ಹೊಡೆದು, ಹಾರೋಹಳ್ಳಿ ಮುಟ್ಟುವಷ್ಟರಲ್ಲಿ ಅವನ ಮೂಗು ನಲ್ಲಿಯಂತೆ ಸುರಿಯುತ್ತಿತ್ತು. ಮೂಸೆಗೆ ಆಗಬೇಕಿದ್ದ ಶೀತ ಅವನಿಗೆ ಹತ್ತಿತ್ತು.

ಲ್ಯಾಬಿನಲ್ಲಿ ನಾಗರಾಜು ಕಾಯುತ್ತಿದ್ದ. ಪೀಸನ್ನು ದೇವರಾಜು ಹುಷಾರಾಗಿ ತರುತ್ತಿದ್ದಾನೆ ಎಂದಷ್ಟೇ ಮೇಡಂಗೆ ಹೇಳಿದ್ದ. ಅಮೂಲ್ಯ ಮೇಡಂ ಕನ್ನಡಕ ಏರಿಸಿ, ದೀಪದ ಕೆಳಗೆ ಮೂಸೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಬಿರುಕಿದ್ದರೆ ಕಾಣಲೆಂದು ಬಣ್ಣದ ನೀರು ಸವರಿ, ಒರೆಸಿ, ಭೂತಗನ್ನಡಿ ಹಿಡಿದು ನೋಡಿದರು. ದೇವರಾಜು ಸೀನು ತಡೆದುಕೊಂಡು ನಿಂತಿದ್ದ.

"ಒಂದು ಗೆರೆಯೂ ಇಲ್ಲ. ಫಸ್ಟ್ ಕ್ಲಾಸ್ ಆಗಿದೆ," ಎಂದರು ಮೇಡಂ. "ತುಂಬಾ ಜೋಪಾನವಾಗಿ ತಂದಿದ್ದೀರಿ, ದೇವರಾಜು."

ದೇವರಾಜುವಿನ ಎದೆ ಪೂರಿಯಂತೆ ಉಬ್ಬಿತು. ನಾಗರಾಜು ಬೆನ್ನು ತಟ್ಟಿದ.

ಮೇಡಂ ಮೂಸೆಯನ್ನು ಕುಲುಮೆಯೊಳಗಿಟ್ಟು ಗುಂಡಿ ಒತ್ತಿದರು. ಮೂವರೂ ಕೂತು ಕಾಫಿ ಕುಡಿದರು. ತಮ್ಮೂರಿನಲ್ಲಿ ಇದನ್ನು ಹೇಗೆ ಬಾಣಂತನ ಮಾಡಿದರೆಂದು ಹೇಳಲು ಅವನ ನಾಲಿಗೆ ತುರಿಸುತ್ತಿತ್ತು. ಕೆಲಸ ಪರ್ಮನೆಂಟ್ ಆದ ಮೇಲೆ ಹೇಳೋಣವೆಂದು ಸುಮ್ಮನಾದ. ಕುಲುಮೆ ಕಾದ ಮೇಲೆ ಮೇಡಂ ಉದ್ದನೆಯ ಇಕ್ಕಳದಿಂದ ಮೂಸೆಯನ್ನು ಹೊರತೆಗೆದರು.

"ಮೇಡಂ, ಫ್ಯಾನ್ ಆರುಸ್ಲಾ?" ದೇವರಾಜು ದಡಬಡಿಸಿ ಎದ್ದ. "ಕಂಬಳಿ ಇಲ್ಲೇ ಐತೆ, ಬೇಕಾದ್ರೆ..."

ಮೇಡಂ ಎರಡು ಹೆಜ್ಜೆ ಪಕ್ಕಕ್ಕೆ ಇಟ್ಟು, ಅಲ್ಲಿದ್ದ ತಣ್ಣೀರಿನ ತೊಟ್ಟಿಗೆ ಮೂಸೆಯನ್ನು ಮುಳುಗಿಸಿಬಿಟ್ಟರು.

ಟಪ್!

ದೇವರಾಜು ಅರಚಿದ ಸದ್ದಿಗೆ ಗೇಟಿನಲ್ಲಿದ್ದ ಸೆಕ್ಯೂರಿಟಿ ಲಾಠಿ ಹಿಡಿದು ಓಡಿಬಂದ. ನೀರೊಳಗೆ ಮೂಸೆ ನಡುವಿಗೆ ಸೀಳಿ, ಎರಡು ಹೋಳಾಗಿ ಕೂತಿತ್ತು.

"ಒಡೆದೋಯ್ತು ಮೇಡಂ!"

"ಒಡೀಲೇಬೇಕಲ್ರೀ," ಮೇಡಂ ಸಂತೋಷದಿಂದಲೇ ಹೇಳಿದರು. "ಎಷ್ಟು ಕಾವಿನಿಂದ ತಣ್ಣೀರಿಗೆ ಬಿದ್ರೆ ಸೀಳುತ್ತೆ ಅಂತ ನೋಡೋಕೇ ಈ ಪೀಸ್ ಇಟ್ಟಿದ್ದು. ಮೊದಲೇ ಬಿರುಕಿದ್ರೆ ಟೆಸ್ಟ್ ಸುಳ್ಳಾಗುತ್ತೆ, ಅದಕ್ಕೇ ಅಷ್ಟು ಹುಷಾರಾಗಿ ತರೋಕೆ ಹೇಳಿದ್ದು. ಒಂದು ಸಾಲದು, ಇನ್ನೂ ತುಂಬಾ ಒಡೀಬೇಕು. ನಾಗರಾಜು, ಇವರನ್ನ ಈ ಕೆಲಸಕ್ಕೇ ಹಾಕ್ಬಿಡಿ. ಪೀಸ್‌ಗಳನ್ನ ಇಷ್ಟು ಪ್ರೀತಿಯಿಂದ ನೋಡ್ಕೊಳ್ಳೋರು ಬೇರೆ ಯಾರೂ ಸಿಗಲ್ಲ. ಟೆಸ್ಟ್ ಎಲ್ಲ ಮುಗೀಲಿ, ಪರ್ಮನೆಂಟ್ ವಿಷಯ ಆಮೇಲೆ ನೋಡೋಣ."

"ಯಾವಾಗ ಬರ್ಬೇಕು ಮೇಡಂ?" ದೇವರಾಜು ಕ್ಷೀಣವಾಗಿ ಕೇಳಿದ.

"ಕುಲುಮೆ ಖಾಲಿ ಇರೋದು ಭಾನುವಾರ ಮಾತ್ರ. ಇನ್ಮೇಲೆ ಪ್ರತಿ ಭಾನುವಾರ."

ಆಗಲೇ ಫೋನು ಹೊಡೆದುಕೊಂಡಿತು. ಹೋಟೆಲಿನಲ್ಲೇ ಎಲ್ಲರೂ ಕೂತಿದ್ದಾರೆಂದು ಗದ್ದಲದಿಂದಲೇ ಗೊತ್ತಾಗುತ್ತಿತ್ತು. ಬೋರಲಿಂಗಯ್ಯ ಸ್ಪೀಕರಿಗೆ ಹಾಕಿದ್ದ. ಎಲ್ಲರನ್ನೂ ಸುಮ್ಮನಿರಿಸಿ ದೊಡ್ಡಲಕ್ಷ್ಮಮ್ಮನ ದನಿ ಬಂತು.

"ಬಾಣಂತಿ ಸುಸೂತ್ರವಾಗಿ ಸೇರ್ತೇನಪ್ಪ? ಏನು ಮಾಡ್ತಾವ್ರೆ ಈಗ?"

ದೇವರಾಜು ತೊಟ್ಟಿಯಲ್ಲಿದ್ದ ಎರಡು ಹೋಳುಗಳನ್ನು ನೋಡಿದ. ಮೂಗು ಒರೆಸಿಕೊಂಡ.

"ಸೇರ್ತು ಕಣವ್ವ. ಈಗ ತಾನೇ ನೀರು ಹಾಕಿದ್ರು."

ಹೋಟೆಲಿನಲ್ಲಿ ಯಾರೋ ಸಮಾಧಾನದ ನಿಟ್ಟುಸಿರು ಬಿಟ್ಟರು.

"ಬಿಸ್ನೀರು ತಾನೇ ಮಗ?" ಎಂದಳು ದೊಡ್ಡಲಕ್ಷ್ಮಮ್ಮ.

ಉತ್ತರಕ್ಕೆ ದೇವರಾಜು ಜೋರಾಗಿ ಸೀನಿದ.